ಕೋರ್ಟಿಗೆ ಕೊಟ್ಟ ಮಾತು ಮುರಿದು ಜಮೀನು ಮಾರಿದರೆ ನೀವು ಏನು ಮಾಡಬೇಕು?

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ತಮ್ಮ ಪಾಲಿಗಾಗಿ ದಾವೆ ಹಾಕಿದರು. ಎರಡು ಎಕರೆ ಚಿಲ್ಲರೆ ತೆಂಗಿನ ತೋಟ. ಆ ದಾವೆಯ ಎರಡು ಕಾಗದಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಒಂದು, ಊರಿನ ಹಿರಿಯರ ಮುಂದೆ ದೊಡ್ಡಪ್ಪ ಸಹಿ ಹಾಕಿಕೊಟ್ಟ ಛಾಪಾ ಕಾಗದ. ನೋಟರಿ ಸೀಲು, ನಾಲ್ವರ ಸಾಕ್ಷಿ, ಎಲ್ಲ ಇತ್ತು. 'ಪಾಲು ಆಗುವ ತನಕ ತೋಟ ಮಾರುವುದಿಲ್ಲ' ಎಂದು ಅದರಲ್ಲಿ ಬರೆದಿತ್ತು. ಇನ್ನೊಂದು, ಕೋರ್ಟಿನ ಆರ್ಡರ್ ಶೀಟಿನ, ಅಂದರೆ ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ಬರೆದಿಡುವ ಹಾಳೆಯ ನಕಲು. ಅದರಲ್ಲಿ ಬೇಕಾದದ್ದು ಎರಡೇ ಸಾಲು. ದಾವೆ ತೀರುವ ತನಕ ಸ್ವತ್ತನ್ನು ಪರಭಾರೆ ಮಾಡುವುದಿಲ್ಲ, ಅಂದರೆ ಬೇರೆಯವರಿಗೆ ವರ್ಗಾಯಿಸುವುದಿಲ್ಲ ಎಂದು ಒಂದನೇ ಪ್ರತಿವಾದಿಯ ವಕೀಲರು ಕಕ್ಷಿದಾರರ ಸೂಚನೆಯಂತೆ ಹೇಳಿದರು, ಅದನ್ನು ದಾಖಲಿಸಿಕೊಳ್ಳಲಾಗಿದೆ, ಅಷ್ಟೆ.

ತೋಟದ ಒಂದು ಭಾಗ ಮಾರಾಟವಾದ ಸುದ್ದಿ ಬಂದಾಗ ಚಿಕ್ಕಮ್ಮ ವಕೀಲರ ಹತ್ತಿರ ತೆಗೆದುಕೊಂಡು ಹೋಗಿದ್ದು ಆ ಛಾಪಾ ಕಾಗದವನ್ನು. ವಕೀಲರು ಅದನ್ನು ಓದಿ ಪಕ್ಕಕ್ಕಿಟ್ಟು ಕೇಳಿದರು: "ಇದಿರಲಿ ಅಮ್ಮಾ, ಆರ್ಡರ್ ಶೀಟ್ ನಕಲು ತಂದಿದ್ದೀರಾ?"

ಈ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲೇ. ಕೊಟ್ಟ ಮಾತು ಮುರಿದರೆ ನ್ಯಾಯಾಂಗ ನಿಂದನೆ ಆಗುತ್ತದೆ, ನಿಜ. ಆದರೆ ಆ ಮಾತನ್ನು ಕೋರ್ಟಿಗೇ ಕೊಟ್ಟಿರಬೇಕು, ಕೋರ್ಟಿನ ದಾಖಲೆಯಲ್ಲಿ ಅದು ಇರಬೇಕು. ಆದ್ದರಿಂದ ಈ ಮಾರ್ಗದರ್ಶಿಯನ್ನು ಮಾತು ಮುರಿದ ದಿನದಿಂದ ಶುರು ಮಾಡುತ್ತಿಲ್ಲ, ಮಾತು ಕೊಟ್ಟ ದಿನದಿಂದಲೇ ಶುರು ಮಾಡುತ್ತೇನೆ.

ಮೊದಲು: ಮಾತು ಕೊಟ್ಟದ್ದು ಯಾರಿಗೆ?

ನ್ಯಾಯಾಂಗ ನಿಂದನೆ ಕಾಯ್ದೆ 1971ರದ್ದು. ಅದರ ಸೆಕ್ಷನ್ 2(ಬಿ) ಸಿವಿಲ್ ನಿಂದನೆ ಅಂದರೆ ಏನು ಎಂದು ಹೇಳುತ್ತದೆ. ಕೋರ್ಟಿನ ತೀರ್ಪು, ಡಿಕ್ರಿ, ಆದೇಶಗಳನ್ನು ಬೇಕೆಂದೇ ಮೀರುವುದು ಒಂದು ಬಗೆ. ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದು ಇನ್ನೊಂದು. ಹೀಗೆ ಕೊಟ್ಟ ಮುಚ್ಚಳಿಕೆಯನ್ನೇ ವಕೀಲರು ಅಂಡರ್‌ಟೇಕಿಂಗ್ ಅನ್ನುತ್ತಾರೆ.

ಹಿರಿಯರ ಮುಂದೆ, ನೋಟರಿ ಮುಂದೆ, ಪೊಲೀಸ್ ಠಾಣೆಯಲ್ಲಿ ಬರೆದುಕೊಟ್ಟದ್ದು ಇದಕ್ಕೆ ಸೇರುವುದಿಲ್ಲ. ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ದಾವೆಯಲ್ಲಿ ಸಾಕ್ಷ್ಯವಾಗಿ ಉಪಯೋಗಕ್ಕೆ ಬರಬಹುದು. ನಿಂದನೆ ಅರ್ಜಿಗೆ ಅದೊಂದೇ ಸಾಲದು.

ಕೋರ್ಟಿನಲ್ಲಿ ರಾಜಿಯಾದ ಮಾತ್ರಕ್ಕೂ ಮುಚ್ಚಳಿಕೆ ತಾನಾಗಿ ಹುಟ್ಟುವುದಿಲ್ಲ. 1979ರಲ್ಲಿ ಬಾಬು ರಾಮ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಇಬ್ಬರೂ ಒಪ್ಪಿ ಆದೇಶ ಪಡೆದುಕೊಳ್ಳುವುದು ಬೇರೆ, 'ಹೀಗೆ ನಡೆದುಕೊಳ್ಳುತ್ತೇನೆ' ಎಂದು ಕೋರ್ಟಿಗೆ ಸ್ಪಷ್ಟವಾಗಿ ಮಾತು ಕೊಡುವುದು ಬೇರೆ ಎಂದಿತು. ಮುಂದೆ 2006ರಲ್ಲಿ ರಾಮ ನಾರಂಗ್ ಪ್ರಕರಣದಲ್ಲಿ ಇನ್ನೊಂದು ಮಾತು ಬಂತು. ರಾಜಿಯ ಷರತ್ತುಗಳನ್ನು ಕೋರ್ಟ್ ತನ್ನ ಆದೇಶದೊಳಗೇ ಸೇರಿಸಿಕೊಂಡಿದ್ದರೆ, ಅದನ್ನು ಬೇಕೆಂದೇ ಮೀರುವುದು ನಿಂದನೆಯಾಗಬಹುದು. 'ಡಿಕ್ರಿ ಜಾರಿಗೆ ಅರ್ಜಿ ಹಾಕಬಹುದಲ್ಲ' ಅನ್ನುವ ಒಂದೇ ಕಾರಣಕ್ಕೆ ನಿಂದನೆ ಅರ್ಜಿಯ ಬಾಗಿಲು ಮುಚ್ಚುವುದಿಲ್ಲ. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ನಮ್ಮಂಥವರಿಗೆ ಸಿಗುವ ಪಾಠ ಒಂದೇ: ಏನು ಬರೆಯಿಸಿಕೊಂಡಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಬರೆಯಿಸಿಕೊಂಡರೆ ಅದಕ್ಕೆ ಬಲ ಜಾಸ್ತಿ. ಮಹಾರಾಷ್ಟ್ರದ ಠಾಣೆ ಊರಿನ ಒಂದು ಹೋಟೆಲ್ ಜಾಗದ ಬಾಡಿಗೆದಾರರು 'ಇಂಥ ದಿನದೊಳಗೆ ಖಾಲಿ ಮಾಡುತ್ತೇವೆ' ಎಂದು ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟು ಮುರಿದರು. ನೂರಾಲಿ ಬಾಬುಲ್ ಠಾಣೆವಾಲಾ ಪ್ರಕರಣ ಎಂದು ಅದು ಹೆಸರಾಗಿದೆ. ಕೋರ್ಟ್ ಒಪ್ಪಿಕೊಂಡ ಮುಚ್ಚಳಿಕೆಗೆ ತಡೆಯಾಜ್ಞೆಯಷ್ಟೇ ಬಲ ಇದೆ ಎಂದು ಅದರಲ್ಲಿ ಹೇಳಿದರು. ಬರೀ ಶಿಕ್ಷೆಯ ಮಾತಾಡಿ ಬಿಡಲಿಲ್ಲ, ಜಾಗವನ್ನು ಮಾಲೀಕರಿಗೆ ಬಿಡಿಸಿಕೊಡುವ ಏರ್ಪಾಡನ್ನೂ ಮಾಡಿದರು.

ಮುಚ್ಚಳಿಕೆ ಬರೆಯಿಸಿಕೊಳ್ಳುವ ದಿನ

ನಿಮ್ಮ ದಾವೆಯಲ್ಲಿ ತಡೆಯಾಜ್ಞೆ ಕೇಳಿ ಮಧ್ಯಂತರ ಅರ್ಜಿ, ಅಂದರೆ ಐ.ಎ. ಹಾಕಿರುತ್ತೀರಿ. ಆ ದಿನ ಎದುರು ಪಕ್ಷದ ವಕೀಲರು ಎದ್ದು ನಿಂತು "ಸ್ವಾಮಿ, ನಾವೇನೂ ಮಾರುವುದಿಲ್ಲ, ಆದೇಶ ಯಾಕೆ?" ಅನ್ನುತ್ತಾರೆ. ಎಲ್ಲರಿಗೂ ಸಮಾಧಾನ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಇಲ್ಲೇ ಎಚ್ಚರ ಬೇಕು. ನಿಮ್ಮ ವಕೀಲರ ಕಿವಿಯಲ್ಲಿ ಹೇಳಿ: "ಅಫಿಡವಿಟ್ ಕೊಡಲಿ, ಆರ್ಡರ್ ಶೀಟಿನಲ್ಲಿ ಬರಲಿ." ಹೇಳಲು ಸಂಕೋಚ ಬೇಡ. ಕೇಸು ನಿಮ್ಮದು.

ಅಫಿಡವಿಟ್‌ನ ಮಾತು ಹೀಗಿದ್ದರೆ ಒಳ್ಳೆಯದು:

'ಒಂದನೇ ಪ್ರತಿವಾದಿಯಾದ ನಾನಾಗಲಿ, ನನ್ನ ಪರವಾಗಿ ನಡೆದುಕೊಳ್ಳುವ ಬೇರೆ ಯಾರೇ ಆಗಲಿ, ದಾವಾ ಸ್ವತ್ತಾದ ಸರ್ವೆ ನಂಬರ್ ಇಂತಿಷ್ಟರ 2 ಎಕರೆ 10 ಗುಂಟೆ ಜಮೀನನ್ನು ಅಥವಾ ಅದರ ಯಾವುದೇ ಭಾಗವನ್ನು ಈ ದಾವೆ ತೀರ್ಮಾನವಾಗುವ ತನಕ ಕ್ರಯ, ದಾನ, ಅಡಮಾನ, ಭೋಗ್ಯ, ಕ್ರಯದ ಕರಾರು ಅಥವಾ ಜಿ.ಪಿ.ಎ. ಮೂಲಕ ಪರಭಾರೆ ಮಾಡುವುದಿಲ್ಲವೆಂದು ಘನ ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಡುತ್ತೇನೆ.'

ಒಂದೊಂದು ಪದಕ್ಕೂ ಕೆಲಸ ಇದೆ. 'ಯಾವುದೇ ಭಾಗ' ಎಂದು ಇಲ್ಲದಿದ್ದರೆ ಅರ್ಧ ಎಕರೆ ಮಾರಿ 'ಪೂರ್ತಿ ಮಾರಿಲ್ಲವಲ್ಲ' ಅನ್ನುತ್ತಾರೆ. 'ಜಿ.ಪಿ.ಎ.' ಬಿಟ್ಟರೆ ಮಗನ ಹೆಸರಿಗೆ ಅಧಿಕಾರ ಪತ್ರ ಮಾಡಿ ಅವನ ಕೈಲಿ ಸಹಿ ಹಾಕಿಸುತ್ತಾರೆ. ನಿವೇಶನವಾದರೆ 'ಕಟ್ಟಡ ಕಟ್ಟುವುದಿಲ್ಲ, ಸ್ವತ್ತಿನ ಸ್ವರೂಪ ಬದಲಿಸುವುದಿಲ್ಲ' ಎಂದು ಸೇರಿಸಿ. ಬೆಂಗಳೂರು ಕಡೆಯ ಜಮೀನಾದರೆ 'ಜಂಟಿ ಅಭಿವೃದ್ಧಿ ಕರಾರು' ಕೂಡ ಇರಲಿ. ಮುಖ್ಯವಾಗಿ 'ತನಕ' ಅನ್ನುವ ಪದದ ಹಿಂದೆ ಏನಿದೆ ನೋಡಿ. 'ಮುಂದಿನ ವಾಯಿದೆಯ ತನಕ' ಎಂದಿದ್ದರೆ, ಆ ವಾಯಿದೆ ದಿನ ಅದನ್ನು ಮುಂದುವರಿಸದಿದ್ದರೆ ಮುಚ್ಚಳಿಕೆ ಅಲ್ಲಿಗೆ ಮುಗಿಯಿತು. ಎಷ್ಟೋ ಪ್ರಕರಣ ಈ ಒಂದು ಕಾರಣಕ್ಕೇ ಬಿದ್ದುಹೋಗುತ್ತವೆ.

ಪ್ರತಿವಾದಿಗಳು ಐದು ಜನ ಇದ್ದರೆ ಐವರೂ ಸಹಿ ಹಾಕಬೇಕು. ಒಬ್ಬರ ಮಾತು ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ.

ಆಮೇಲೆ ನ್ಯಾಯಾಧೀಶರು ಅದನ್ನು 'ಒಪ್ಪಿ ದಾಖಲಿಸಲಾಗಿದೆ, ಪ್ರತಿವಾದಿಗಳು ಇದರಂತೆ ನಡೆಯತಕ್ಕದ್ದು, ಅದರಂತೆ ಐ.ಎ. ವಿಲೇವಾರಿ ಮಾಡಲಾಗಿದೆ' ಎಂದು ಬರೆಯುವಂತೆ ಕೇಳಿಕೊಳ್ಳಿ. ಆಗ ಅದು ಮುಚ್ಚಳಿಕೆಯೂ ಹೌದು, ಕೋರ್ಟಿನ ಆದೇಶವೂ ಹೌದು. ಮುಂದೆ ಎರಡು ದಾರಿ ನಿಮಗೆ ತೆರೆದಿರುತ್ತವೆ.

ವಕೀಲರು ಬಾಯಲ್ಲಿ ಹೇಳಿದ್ದು ಮಾತ್ರ ಇದ್ದರೆ? ನಮ್ಮ ಚಿಕ್ಕಮ್ಮನ ಪ್ರಕರಣದಲ್ಲಿ ಇದ್ದದ್ದು ಅಷ್ಟೇ. ಅಂಥವರು ಧೈರ್ಯ ಬಿಡಬೇಕಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಲವಂತಭಾಯಿ ಸೋಮಾಭಾಯಿ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನೇ ತೀರ್ಮಾನಿಸಿತು. ಅದೂ ಗುಜರಾತಿನ ಆಸ್ತಿ ವ್ಯಾಜ್ಯ. ಸ್ವತ್ತನ್ನು ಪರಭಾರೆ ಮಾಡುವುದಿಲ್ಲ ಎಂದು ವಕೀಲರು ಹೈಕೋರ್ಟಿಗೆ ಭರವಸೆ ಕೊಟ್ಟಿದ್ದರು. ಆಮೇಲೆ ಕ್ರಯಪತ್ರಗಳಾದವು. 'ವಕೀಲರು ಹೇಳಿದ್ದು, ನಾವಲ್ಲ' ಅನ್ನುವ ವಾದ ನಡೆಯಲಿಲ್ಲ. ಕಕ್ಷಿದಾರರ ಸೂಚನೆಯಂತೆ ವಕೀಲರು ಕೊಟ್ಟ ಭರವಸೆಯೂ ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯೇ ಎಂದು ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಅವರಿದ್ದ ಪೀಠ ಹೇಳಿತು. ನಿಮ್ಮ ವಕೀಲರಿಗೆ ಈ ತೀರ್ಪಿನ ಹೆಸರು ಹೇಳಿ.

ಬರೆಯಿಸಿಕೊಂಡ ಮೇಲೆ ಸುಮ್ಮನೆ ಕೂರಬೇಡಿ

ಅದೇ ವಾರ ಆರ್ಡರ್ ಶೀಟ್, ಅಫಿಡವಿಟ್ ಎರಡಕ್ಕೂ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಮೊಬೈಲಿನಲ್ಲಿ ತೆಗೆದ ಫೋಟೊ ನಂಬಿ ಕೂರಬೇಡಿ.

ನಕಲಿನ ಜೊತೆ ಉಪನೋಂದಣಿ ಕಚೇರಿಗೆ ಒಂದು ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಚ್ಚಳಿಕೆ ಕಟ್ಟಿಹಾಕುವುದು ಬರೆದುಕೊಟ್ಟವರನ್ನು. ಆದ್ದರಿಂದ ಉಪನೋಂದಣಾಧಿಕಾರಿ ನೋಂದಣಿ ನಿಲ್ಲಿಸಿಯೇ ಬಿಡುತ್ತಾರೆ ಎಂದು ನಂಬಬೇಡಿ. ಆದರೂ ಆ ಸ್ವೀಕೃತಿ ಮುಂದೆ ಕೆಲಸಕ್ಕೆ ಬರುತ್ತದೆ. ಕೃಷಿ ಜಮೀನಾದರೆ ತಹಶೀಲ್ದಾರರಿಗೂ ಒಂದು ಅರ್ಜಿ ಕೊಡಿ. ಪಹಣಿಯ 11ನೇ ಕಾಲಂನಲ್ಲಿ ಕೋರ್ಟ್ ಆದೇಶ ನಮೂದಾದರೆ ಕೊಳ್ಳಲು ಬರುವವರ ಕಣ್ಣಿಗೆ ಅದು ಮೊದಲೇ ಬೀಳುತ್ತದೆ.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆಗಾಗ ಋಣಭಾರ ಪ್ರಮಾಣ ಪತ್ರ, ಅಂದರೆ ಇ.ಸಿ. ತೆಗೆದು ನೋಡುತ್ತಿರಿ. ತಿಂಗಳಿಗೊಮ್ಮೆ ಆದರೂ ಸಾಕು.

ಮುರಿದದ್ದು ಗೊತ್ತಾದಾಗ

ಜಗಳಕ್ಕೆ ಹೋಗಬೇಡಿ. ಮೊದಲು ಕಾಗದ ಕೂಡಿಸಿ. ಇ.ಸಿ.ಯಲ್ಲಿ ಕಂಡ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಅದನ್ನು ಪಡೆದು ಎರಡು ದಿನಾಂಕ ಗುರುತು ಹಾಕಿಕೊಳ್ಳಿ. ಪತ್ರ ಬರೆದು ಸಹಿ ಹಾಕಿದ ದಿನ ಒಂದು, ನೋಂದಣಿಯಾದ ದಿನ ಇನ್ನೊಂದು. ನೋಂದಣಿ ಕಾಯ್ದೆಯ ಪ್ರಕಾರ ಪತ್ರ ಬರೆದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬಹುದು. ನೋಂದಣಿಯಾದ ಮೇಲೆ ಪತ್ರ ಸಹಿ ಹಾಕಿದ ದಿನದಿಂದಲೇ ಜಾರಿಗೆ ಬರುತ್ತದೆ. ಹಾಗಾಗಿ ಮುಚ್ಚಳಿಕೆಗೆ ಮುಂಚೆಯೇ ಸಹಿಯಾಗಿ ಆಮೇಲೆ ನೋಂದಣಿಯಾಗಿದ್ದರೆ ಎದುರಿನವರಿಗೆ ಒಂದು ವಾದ ಸಿಗುತ್ತದೆ. ಚಿಕ್ಕಮ್ಮನ ವಕೀಲರು ಮೊದಲು ಹುಡುಕಿದ್ದು ಇದನ್ನೇ. ಆರ್ಡರ್ ಶೀಟ್ ಜುಲೈ ತಿಂಗಳದ್ದು. ಕ್ರಯಪತ್ರಕ್ಕೆ ಸಹಿ ಬಿದ್ದದ್ದೂ ನೋಂದಣಿಯಾದದ್ದೂ ನವೆಂಬರಿನ ಒಂದೇ ದಿನ. ಅವರು ಕೆಂಪು ಪೆನ್ನಿನಿಂದ ಎರಡೂ ದಿನಾಂಕಗಳಿಗೆ ಸುತ್ತು ಹಾಕಿ "ಇಷ್ಟು ಸಾಕು" ಅಂದರು. ಚಿಕ್ಕಮ್ಮ ಅವತ್ತು ಮೊದಲ ಸಲ ಉಸಿರು ಬಿಟ್ಟರು.

ಕಟ್ಟಡ ಕಟ್ಟುತ್ತಿದ್ದರೆ ದಿನಾಂಕ ಕಾಣುವ ಫೋಟೊ ತೆಗೆಯಿರಿ. ಅದೇ ದಾವೆಯಲ್ಲಿ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕಿ. ಕಮಿಷನರ್ ಸ್ಥಳಕ್ಕೆ ಬಂದು ಕೊಡುವ ವರದಿಗೆ ನಿಮ್ಮ ಫೋಟೊಗಿಂತ ತೂಕ ಹೆಚ್ಚು. ಸಾಧ್ಯವಾದರೆ ವಕೀಲರಿಂದ ಒಂದು ನೋಟಿಸ್ ಕೊಡಿಸಿ. 'ಗೊತ್ತಿರಲಿಲ್ಲ' ಎಂದು ಆಮೇಲೆ ಹೇಳಲು ಜಾಗ ಇರಬಾರದು. ನಿಂದನೆಯಲ್ಲಿ ನೀವು ತೋರಿಸಬೇಕಾದದ್ದು ಮುರಿದದ್ದನ್ನು ಮಾತ್ರವಲ್ಲ, ಬೇಕೆಂದೇ ಮುರಿದದ್ದನ್ನು. ಇದು ಅರೆ ಕ್ರಿಮಿನಲ್ ಸ್ವರೂಪದ ವಿಚಾರಣೆ. ಅನುಮಾನ ಉಳಿದರೆ ಅದರ ಲಾಭ ಎದುರಿನವರಿಗೆ.

ಯಾವ ಬಾಗಿಲು ತಟ್ಟಬೇಕು?

ದಾವೆ ನಡೆಯುತ್ತಿರುವ ಕೋರ್ಟಿನಲ್ಲೇ ಒಂದು ದಾರಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 2ಎ. ತಡೆಯಾಜ್ಞೆ ಮೀರಿದವರ ಆಸ್ತಿ ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ ಇಡಬಹುದು. ಜಪ್ತಿಯಾಗಿ ಒಂದು ವರ್ಷವಾದರೂ ಅವರು ದಾರಿಗೆ ಬರದಿದ್ದರೆ ಆ ಆಸ್ತಿ ಮಾರಿ, ಬಂದ ಹಣದಲ್ಲಿ ನಿಮಗೆ ಪರಿಹಾರ ಕೊಡಿಸಲೂಬಹುದು. ನಿಮ್ಮ ಮುಚ್ಚಳಿಕೆ ತಡೆಯಾಜ್ಞೆ ಅರ್ಜಿಯ ಮೇಲಿನ ಆದೇಶದ ರೂಪದಲ್ಲಿದ್ದರೆ ಮೊದಲು ಈ ದಾರಿ ನೋಡಿ. ಊರಿಗೆ ಹತ್ತಿರ, ಖರ್ಚು ಕಡಿಮೆ. ಈ ದಾರಿ ಇದ್ದೂ ನೇರವಾಗಿ ಹೈಕೋರ್ಟಿಗೆ ಹೋದರೆ, 'ಮೊದಲು ಅಲ್ಲಿಗೆ ಹೋಗಿ' ಎಂದು ಕಳುಹಿಸುವ ಸಾಧ್ಯತೆಯೂ ಇದೆ.

ಬರೀ ಮುಚ್ಚಳಿಕೆ ಮಾತ್ರ ಇದ್ದು ಆದೇಶ ಇಲ್ಲದಿದ್ದರೆ ಹೈಕೋರ್ಟೇ ದಾರಿ. ಕೆಳಗಿನ ಕೋರ್ಟಿಗೆ ಆದ ನಿಂದನೆಯನ್ನೂ ಹೈಕೋರ್ಟ್ ವಿಚಾರಿಸಬಹುದು ಎಂದು ಕಾಯ್ದೆಯ ಸೆಕ್ಷನ್ 10 ಹೇಳುತ್ತದೆ. ನಮ್ಮ ಹೈಕೋರ್ಟಿನಲ್ಲಿ ಇಂಥ ಅರ್ಜಿಗೆ ಸಿ.ಸಿ.ಸಿ., ಅಂದರೆ ಸಿವಿಲ್ ನಿಂದನೆ ಪ್ರಕರಣದ ನಂಬರು ಬೀಳುತ್ತದೆ, ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಬರುತ್ತದೆ. ಬೆಳಗಾವಿ, ಹಾವೇರಿ, ಬಳ್ಳಾರಿ ಕಡೆಯವರಿಗೆ ಧಾರವಾಡ ಪೀಠ. ಬೀದರ್, ರಾಯಚೂರು, ವಿಜಯಪುರದವರಿಗೆ ಕಲಬುರಗಿ ಪೀಠ. ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕು ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ಕ್ರಿಮಿನಲ್ ನಿಂದನೆಗೆ ಬೇಕಾದದ್ದು, ಇದಕ್ಕಲ್ಲ.

ರಾಜಿ ಡಿಕ್ರಿಯೋ ಲೋಕ ಅದಾಲತ್ತಿನ ಅವಾರ್ಡೋ ಆಗಿದ್ದು, ನಿಮಗೆ ಬೇಕಾದದ್ದು ಅದರಲ್ಲಿ ಹೇಳಿದ ಸ್ವಾಧೀನ ಅಥವಾ ಹಣ ಮಾತ್ರವಾದರೆ, ಜಾರಿ ಅರ್ಜಿಯೇ ಸರಿಯಾದ ದಾರಿ.

ಒಂದು ವರ್ಷ

ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಮುಚ್ಚಳಿಕೆ ಮುರಿದ ದಿನದಿಂದ ಒಂದು ವರ್ಷದೊಳಗೆ ಹೈಕೋರ್ಟಿನಲ್ಲಿ ನಿಂದನೆ ಅರ್ಜಿ ಸಲ್ಲಿಕೆಯಾಗಬೇಕು. ಕಾಯ್ದೆಯ ಸೆಕ್ಷನ್ 20. ವರ್ಷದೊಳಗೆ ಅರ್ಜಿ ಹಾಕಿದ್ದರೆ ಸಾಕು, ಕೋರ್ಟ್ ಅದನ್ನು ಕೈಗೆತ್ತಿಕೊಳ್ಳುವುದು ತಡವಾದರೂ ತೊಂದರೆ ಇಲ್ಲ ಎಂದು 2001ರ ಪಲ್ಲವ್ ಶೇಠ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ಕೊಂಡವರು ಇನ್ನೂ ಜಮೀನಿನಲ್ಲೇ ಇದ್ದಾರೆ, ತಪ್ಪು ಮುಂದುವರಿಯುತ್ತಲೇ ಇದೆ' ಅನ್ನುವ ವಾದವನ್ನು ನೆಚ್ಚಿಕೊಳ್ಳಬೇಡಿ. ಕೃತ್ಯ ಮುಗಿದು ಅದರ ಪರಿಣಾಮ ಮಾತ್ರ ಉಳಿದಿದ್ದರೆ ಅದು ಮುಂದುವರಿಯುವ ತಪ್ಪಾಗುವುದಿಲ್ಲ. ಹಿರಿಯರು "ಸ್ವಲ್ಪ ತಡಿ, ಮಾತಾಡಿ ಸರಿಮಾಡೋಣ" ಅನ್ನುತ್ತಾರೆ. ಮಾತುಕತೆ ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಅರ್ಜಿ ಹಾಕಿ ಮಾತಾಡಿ.

ಅರ್ಜಿಯಲ್ಲಿ ಏನಿರಬೇಕು, ಆಮೇಲೆ ಏನಾಗುತ್ತದೆ

ಯಾವ ದಿನ, ಯಾವ ಕೋರ್ಟಿಗೆ, ಯಾರು, ಏನೆಂದು ಮಾತು ಕೊಟ್ಟರು. ಯಾವ ದಿನ, ಹೇಗೆ ಮುರಿದರು. ಇಷ್ಟನ್ನೇ ನೇರವಾಗಿ ಬರೆಯಿಸಿ. ಮೂವತ್ತು ವರ್ಷದ ಮನೆ ಜಗಳವೆಲ್ಲ ಅದರಲ್ಲಿ ಬೇಡ. 'ಪ್ರತಿವಾದಿಯ ಕುಟುಂಬದವರು' ಎಂದು ಸಾರಾಸಗಟಾಗಿ ಹೇಳದೆ, ಮಾತು ಕೊಟ್ಟು ಮುರಿದವರನ್ನು ಹೆಸರು ಹಿಡಿದು ಸೇರಿಸಿ. ಕೇಳಿಕೆಯಲ್ಲಿ ಶಿಕ್ಷೆಯ ಜೊತೆಗೆ 'ಮುಚ್ಚಳಿಕೆ ಮುರಿದು ಮಾಡಿದ ಕ್ರಯಪತ್ರವನ್ನು ರದ್ದು ಮಾಡಬೇಕು, ಮೊದಲಿನ ಸ್ಥಿತಿಗೆ ತರಬೇಕು' ಎಂದೂ ಇರಲಿ. ಶಿಕ್ಷೆಗಿಂತ ನಿಮಗೆ ಬೇಕಾದದ್ದು ಅದೇ ಅಲ್ವಾ?

ಕೋರ್ಟ್ ನೋಟಿಸ್ ಕೊಡುತ್ತದೆ. ಎದುರಿನವರು ಬಂದು ಉತ್ತರ ಹಾಕುತ್ತಾರೆ. ಮೇಲ್ನೋಟಕ್ಕೆ ತಪ್ಪು ಕಂಡರೆ ಆರೋಪ ಹೊರಿಸಿ ವಿಚಾರಣೆ ನಡೆಯುತ್ತದೆ. ಗರಿಷ್ಠ ಶಿಕ್ಷೆ 6 ತಿಂಗಳ ಸಾದಾ ಸಜೆ, ಅಥವಾ 2000 ರೂಪಾಯಿ ದಂಡ, ಅಥವಾ ಎರಡೂ. ಸಿವಿಲ್ ನಿಂದನೆಯಲ್ಲಿ ದಂಡ ಸಾಲದು ಅನ್ನಿಸಿದರೆ ಮಾತ್ರ ಸಿವಿಲ್ ಜೈಲು. ಕೋಟಿ ಬೆಲೆಯ ಜಮೀನು ಮಾರಿದವನಿಗೆ ಎರಡು ಸಾವಿರ ಎಂದರೆ ಕೇಳಿದವರಿಗೆ ನೋವಾಗುತ್ತದೆ, ನನಗೂ ಆಗಿತ್ತು. ಆದರೆ ಈ ಅರ್ಜಿಯ ಬಲ ದಂಡದಲ್ಲಿಲ್ಲ. ಮೇಲೆ ಹೇಳಿದ 2023ರ ತೀರ್ಪಿನಲ್ಲಿ, ಮುಚ್ಚಳಿಕೆ ಮುರಿದು ಮಾಡಿದ ವಹಿವಾಟನ್ನೇ ಅಸಿಂಧು ಎಂದು ಸಾರುವ ಅಧಿಕಾರ ಕೋರ್ಟಿಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಬಾಯಿಮಾತಿನ ಕ್ಷಮೆ ಕೇಳಿ ಮಾರಾಟದ ಲಾಭ ಇಟ್ಟುಕೊಳ್ಳುವುದು ನಡೆಯುವುದಿಲ್ಲ ಎಂದೂ ಹೇಳಿದೆ.

ಚಿಕ್ಕಮ್ಮನ ಪ್ರಕರಣದಲ್ಲಿ ಜೈಲಿನ ತನಕ ಹೋಗಲಿಲ್ಲ. ಮೂರನೇ ವಾಯಿದೆಗೆ ದೊಡ್ಡಪ್ಪ ಬಂದರು. ಕೊಂಡವರ ಹಣ ಹಿಂದಿರುಗಿಸಿ, ಇಬ್ಬರೂ ಸಹಿ ಹಾಕಿ ನೋಂದಾಯಿಸಿದ ಕ್ರಯ ರದ್ದು ಪತ್ರದ ನಕಲನ್ನು ಕ್ಷಮೆಯ ಅಫಿಡವಿಟ್ ಜೊತೆ ಕೋರ್ಟಿಗೆ ಹಾಕಿದರು. ಕೋರ್ಟ್ ಕ್ಷಮೆ ಒಪ್ಪಿತು. ಪಾಲಿನ ದಾವೆ ಮಾತ್ರ ಕೆಳಗಿನ ಕೋರ್ಟಿನಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಇದನ್ನು ಮರೆಯಬೇಡಿ: ನಿಂದನೆ ಅರ್ಜಿ ನಿಮ್ಮ ಪಾಲು ಎಷ್ಟು ಎಂದು ತೀರ್ಮಾನಿಸುವುದಿಲ್ಲ. ದಾವೆಯನ್ನು ಬಿಡದೆ ನಡೆಸಬೇಕು.

ಶಿಕ್ಷೆಯಾದವರಿಗೆ ಸೆಕ್ಷನ್ 19ರಲ್ಲಿ ಮೇಲ್ಮನವಿ ಇದೆ. ಇಬ್ಬರು ನ್ಯಾಯಮೂರ್ತಿಗಳ ಆದೇಶವಾದರೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ. ನಿಮ್ಮ ಅರ್ಜಿ ವಜಾ ಆದರೆ ಆ ಸೆಕ್ಷನ್ ನಿಮಗೆ ಸಿಗುವುದಿಲ್ಲ. ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಕೇಳಬೇಕಾಗುತ್ತದೆ. ಆದ್ದರಿಂದ ಮೊದಲ ಸಲವೇ ಕಾಗದ ಗಟ್ಟಿಯಾಗಿರಲಿ.

ಕೊಂಡವರ ಕಥೆ

ದಾವೆ ನಡೆಯುವಾಗ ಕೊಂಡವರು ದಾವೆಯ ತೀರ್ಪಿಗೆ ಬದ್ಧರು. ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52 ಇದು. ದಾವೆ ಇರುವುದು ನಮಗೆ ಗೊತ್ತಿರಲಿಲ್ಲ ಅನ್ನುವುದು ಇದಕ್ಕೆ ಉತ್ತರವಲ್ಲ. ಆದರೂ ಗೊಂದಲ ಬೇಡವೆಂದರೆ ಅವರನ್ನೂ ದಾವೆಯಲ್ಲಿ ಪಕ್ಷಕಾರರಾಗಿ ಸೇರಿಸಲು ಅರ್ಜಿ ಹಾಕಿ. ಕೊಳ್ಳಲು ಹೊರಟವರಿಗೂ ಒಂದು ಮಾತು. ಇ.ಸಿ. ಖಾಲಿ ಇದೆ ಎಂದು ಮುಂಗಡ ಕೊಡಬೇಡಿ. ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಾರುವವರ ಹೆಸರು ಹಾಕಿ ಆ ತಾಲ್ಲೂಕಿನ ಕೋರ್ಟುಗಳನ್ನು ಹುಡುಕಿ.

ಮಾತು ಕೊಟ್ಟವರು ನೀವೇ ಆಗಿದ್ದರೆ

ಮಗಳ ಮದುವೆ, ಆಸ್ಪತ್ರೆ ಖರ್ಚು, ಬ್ಯಾಂಕಿನ ಒತ್ತಡ ಬರಬಹುದು. ಮನೆ ಖಾಲಿ ಮಾಡುತ್ತೇನೆಂದು ಬರೆದುಕೊಟ್ಟ ದಿನಕ್ಕೆ ಬೇರೆ ಮನೆ ಸಿಗದೆ ಇರಬಹುದು. ಆಗ ಮಾಡಬೇಕಾದದ್ದು ಒಂದೇ. ಗಡುವು ಮುಗಿಯುವ ಮುಂಚೆ ಅದೇ ಕೋರ್ಟಿಗೆ ಹೋಗಿ, ಕಾರಣ ಹೇಳಿ, ಮುಚ್ಚಳಿಕೆ ಸಡಿಲಿಸಲು ಅಥವಾ ಸಮಯ ವಿಸ್ತರಿಸಲು ಅರ್ಜಿ ಕೊಡಿ. ಮೊದಲೇ ಹೋಗಿ ಕೇಳಿದವರನ್ನೂ ಮುರಿದು ಆಮೇಲೆ ಬಂದವರನ್ನೂ ಕೋರ್ಟ್ ಒಂದೇ ಕಣ್ಣಿನಲ್ಲಿ ನೋಡುವುದಿಲ್ಲ. ಮುರಿದೇ ಬಿಟ್ಟಿದ್ದರೆ, ಕ್ಷಮೆ ಕೇಳುವ ಮುಂಚೆ ಆದದ್ದನ್ನು ಸರಿಪಡಿಸಿ. ರದ್ದು ಪತ್ರದ ನಕಲು ಕೈಯಲ್ಲಿ ಹಿಡಿದು ಹೋಗಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹೆಣ್ಣುಮಕ್ಕಳು ಹಿಂದೆ ಸರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಹೈಕೋರ್ಟಿಗೆ ಅದರದ್ದೇ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಆರ್ಡರ್ ಶೀಟಿನ ದೃಢೀಕೃತ ನಕಲು, ಮುಚ್ಚಳಿಕೆಯ ಅಫಿಡವಿಟ್, ಇ.ಸಿ., ಕ್ರಯಪತ್ರದ ನಕಲು, ಇಷ್ಟನ್ನು ಒಂದೇ ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿ ತೆಗೆದುಕೊಂಡು ಹೋಗಿ. ಹಿರಿಯರ ಮುಂದೆ ಬರೆಯಿಸಿಕೊಂಡ ಛಾಪಾ ಕಾಗದವನ್ನೂ ಬಿಸಾಡಬೇಡಿ, ಅದು ಫೈಲಿನ ಕೊನೆಯಲ್ಲಿರಲಿ.